ಆ್ಯಪ್ ಬರೆಸುವ ಮೊದಲು ಒಂದು ಗಾಡಿ ತುಂಬಿಸಿ

ಕುಂದಗೋಳ ಕಡೆಯ ಒಬ್ಬ ಸಣ್ಣ ರೈತನ ಮನೆಯಲ್ಲಿ ಎಂಟು ಚೀಲ ಒಣ ಮೆಣಸಿನಕಾಯಿ ಇದೆ ಎಂದುಕೊಳ್ಳಿ. ಬ್ಯಾಡಗಿಯಲ್ಲಿ ಪೇಟೆ ಸೋಮವಾರ ಮತ್ತು ಗುರುವಾರ. ಎಂಟೇ ಚೀಲಕ್ಕೆ ಒಂದು ಗಾಡಿ ಹಿಡಿದರೆ ಬಾಡಿಗೆ ಮೈಮೇಲೆ ಬರುತ್ತದೆ. ಓಣಿಯವರ ಮಾಲೂ ಕೂಡಲಿ ಎಂದು ಕಾದರೆ ಅಷ್ಟರಲ್ಲಿ ರೇಟು ಎತ್ತ ಹೋಗುತ್ತದೋ ಹೇಳಲಾಗದು. ಇದನ್ನು ಕಂಡ ಇಬ್ಬರು ಎಂಜಿನಿಯರುಗಳಿಗೆ ಯೋಚನೆಯೊಂದು ಹೊಳೆಯುತ್ತದೆ: ಅಕ್ಕಪಕ್ಕದ ಊರುಗಳ ಚೀಲಗಳನ್ನು ಕೂಡಿಸಿ ಒಂದೇ ಗಾಡಿಯಲ್ಲಿ ಒಯ್ಯುವ ಸೇವೆ. ಆಮೇಲೆ ಬಹಳಷ್ಟು ಮಂದಿ ಮಾಡುವ ಮೊದಲ ಕೆಲಸ ಆ್ಯಪ್ ಕಟ್ಟಲು ಕೂರುವುದು. ಲಾಗಿನ್, ನಕ್ಷೆ, ಪೇಮೆಂಟ್, ರೇಟಿಂಗ್ ಎನ್ನುತ್ತ ಆರು ತಿಂಗಳು ಕಳೆಯುತ್ತದೆ. ಜನವರಿಯಿಂದ ಬೇಸಿಗೆಯವರೆಗೆ ಜೋರಾಗಿ ನಡೆಯುವ ಮೆಣಸಿನಕಾಯಿ ಸುಗ್ಗಿ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ರೈತರು ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಬೇಕೆಂದರೆ ಇನ್ನೊಂದು ವರ್ಷ ಕಾಯಬೇಕು.

ಎಂವಿಪಿ (ಮಿನಿಮಮ್ ವಯಬಲ್ ಪ್ರಾಡಕ್ಟ್) ಎಂಬ ಕ್ರಮ ಇರುವುದು ಈ ನಷ್ಟ ತಪ್ಪಿಸಲಿಕ್ಕೆ. 2001ರಲ್ಲಿ ಫ್ರಾಂಕ್ ರಾಬಿನ್ಸನ್ ಈ ಹೆಸರು ಕೊಟ್ಟರು, ಅಮೆರಿಕದ ಉದ್ಯಮಿ ಎರಿಕ್ ರೀಸ್ ಅದನ್ನು ಎಲ್ಲೆಡೆ ಬಳಕೆಗೆ ತಂದರು. 'ಕನಿಷ್ಠ ಕಾರ್ಯಸಾಧ್ಯ ಉತ್ಪನ್ನ' ಎಂದು ಕನ್ನಡದಲ್ಲಿ ಬರೆಯುವುದುಂಟು. ಆದರೆ ಆ ಮಾತು ಕೇಳಿದವರು ದೊಡ್ಡ ಆ್ಯಪ್‌ನ ಅರ್ಧ ಮುಗಿದ ರೂಪ ಎಂದೇ ತಿಳಿಯುತ್ತಾರೆ. ಹತ್ತು ಫೀಚರ್‌ಗಳಲ್ಲಿ ಮೂರನ್ನು ಉಳಿಸಿಕೊಂಡ ಮಾತ್ರಕ್ಕೆ ಎಂವಿಪಿ ಆಗುವುದಿಲ್ಲ. ಪ್ರತಿ ಹೊಸ ವ್ಯಾಪಾರವೂ ಯಾವುದೋ ಒಂದು ನಂಬಿಕೆಯ ಮೇಲೆ ನಿಂತಿರುತ್ತದೆ, ಆ ನಂಬಿಕೆ ಸುಳ್ಳಾದರೆ ಉಳಿದದ್ದೆಲ್ಲ ಬೀಳುತ್ತದೆ. ಅದು ಖರೆಯೋ ಸುಳ್ಳೋ ಎಂಬುದನ್ನು ಎಲ್ಲಕ್ಕಿಂತ ಕಡಿಮೆ ದುಡ್ಡಿನಲ್ಲಿ, ಕಡಿಮೆ ದಿನಗಳಲ್ಲಿ, ನಿಜವಾದ ಗಿರಾಕಿಯ ರೊಕ್ಕದಿಂದಲೇ ತೋರಿಸಿಕೊಡುವ ಏರ್ಪಾಡಿಗೆ ಎಂವಿಪಿ ಎನ್ನುತ್ತಾರೆ. ಅದರಲ್ಲಿ ಒಂದು ಸಾಲು ಕೋಡ್ ಕೂಡ ಇಲ್ಲದಿರಬಹುದು.

1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಬೂಟು ಮಾರಲು ಹೊರಟಾಗ ಮಾಲು ಕೊಂಡು ಗೋದಾಮು ತುಂಬಿಸಲಿಲ್ಲ. ಊರಿನ ಅಂಗಡಿಗಳಲ್ಲಿದ್ದ ಬೂಟುಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅಂಗಡಿಗೆ ಹೋಗಿ ಪೂರ್ತಿ ಬೆಲೆಗೆ ಕೊಂಡು ಕಳಿಸಿದರು. ಲಾಭ ಉಳಿಯುವ ವ್ಯಾಪಾರ ಅದಾಗಿರಲಿಲ್ಲ. ಆದರೆ ಕಾಲಿಗೆ ಹಾಕಿ ನೋಡದೆ ಜನ ಬೂಟು ಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದೇ ಮುಂದೆ ಜಾಪೋಸ್ ಎಂಬ ಕಂಪನಿ ಆಯಿತು, 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು.

ಮೊದಲು ಲೆಕ್ಕ

ನಮ್ಮ ಗಾಡಿಯ ಉದಾಹರಣೆಯನ್ನೇ ಹಿಡಿದು ಕೊನೆತನಕ ಹೋಗೋಣ. ಇಲ್ಲಿನ ಬಾಡಿಗೆ, ಚೀಲ, ದರ ಎಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಅಂಕಿ ಹಾಕಿಕೊಂಡು ನೋಡಿ.

ಪಿಕ್‌ಅಪ್ ಗಾಡಿಗೆ ಒಂದು ಟ್ರಿಪ್‌ನ ಬಾಡಿಗೆ 6,000 ರೂಪಾಯಿ, ಹಿಡಿಯುವುದು 40 ಚೀಲ. ಈ 40 ಎಲ್ಲಿಂದ ಬಂತು ಎಂಬುದರಲ್ಲೇ ಮೊದಲ ತಪ್ಪು ಆಗುತ್ತದೆ. ಒಣ ಮೆಣಸಿನಕಾಯಿ ಹಗುರ, ಜಾಗ ಹೆಚ್ಚು ತಿನ್ನುತ್ತದೆ. ಗಾಡಿಯ ಕಾಗದದಲ್ಲಿ ಬರೆದ ಟನ್ ನೋಡಿ ಚೀಲ ಎಣಿಸಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಸಾಮಾನ್ಯವಾಗಿ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ಟೇಪು ಹಿಡಿದು ಖಾಲಿ ಗಾಡಿಯ ಹತ್ತಿರ ಹೋಗಿ, ತುಂಬಿದ ಒಂದು ಚೀಲದ ಉದ್ದ, ಅಗಲ, ದಪ್ಪ ಅಳೆದು, ಎಷ್ಟು ಸಾಲು, ಒಂದರ ಮೇಲೊಂದು ಎಷ್ಟು ಚೀಲ ಕೂಡುತ್ತವೆಂದು ಕಣ್ಣಾರೆ ಎಣಿಸಬೇಕು.

ಚೀಲಕ್ಕೆ 170 ರೂಪಾಯಿ ತೆಗೆದುಕೊಂಡರೆ 40 ಚೀಲಕ್ಕೆ 6,800. ಬಾಡಿಗೆ ಹೋಗಿ ಉಳಿಯುವುದು 800. ಮೂವತ್ತೇ ಚೀಲ ಬಂದರೆ 5,100, ಕೈಯಿಂದ ಹೋಗುವುದು 900. 6,000ವನ್ನು 170ರಿಂದ ಭಾಗಿಸಿದರೆ 35.3 ಬರುತ್ತದೆ, ಅಂದರೆ 36 ಚೀಲ ಕೂಡಿದಾಗ ಮಾತ್ರ ಗಾಡಿ ತನ್ನ ಖರ್ಚು ತಾನು ಎತ್ತುತ್ತದೆ. ರೈತನ ಕಡೆಯಿಂದ ನೋಡಿದರೆ 8 ಚೀಲಕ್ಕೆ 1,360 ರೂಪಾಯಿ. ಒಬ್ಬನೇ ಸಣ್ಣ ಗಾಡಿ ಹಿಡಿದರೆ 3,500 ಆಗುತ್ತದೆ ಎಂದಿಟ್ಟುಕೊಂಡರೆ ಉಳಿತಾಯ 2,140. ಕಾಗದದ ಮೇಲೆ ಇಬ್ಬರಿಗೂ ಲಾಭವೇ.

ಈಗ ಈ ವ್ಯಾಪಾರ ನಿಂತಿರುವ ನಂಬಿಕೆಗಳನ್ನೆಲ್ಲ ಬರೆದುಕೊಳ್ಳಿ. ಬಾಡಿಗೆಗೆ ಗಾಡಿ ಸಿಗುತ್ತದೆ. ಬೇರೆ ಬೇರೆ ಓಣಿಯ ರೈತರು ತಮ್ಮ ಮಾಲನ್ನು ಒಂದೇ ಗಾಡಿಗೆ ಹಾಕಲು ಒಪ್ಪುತ್ತಾರೆ. ಗುರುತಿಲ್ಲದವರ ಕೈಗೆ ಚೀಲ ಕೊಡುತ್ತಾರೆ. ಮುಂಗಡ ಕೊಡುತ್ತಾರೆ. ಒಂದೇ ಪೇಟೆಯ ದಿನಕ್ಕೆ 36 ಚೀಲ ಕೂಡುತ್ತವೆ. ಆ್ಯಪ್ ಕೆಲಸ ಮಾಡುತ್ತದೆ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಹಾಕಿ: ಇದು ಸುಳ್ಳಾದರೆ ವ್ಯಾಪಾರವೇ ಸಾಯುತ್ತದೆಯೇ? ಇದು ಖರೆ ಎನ್ನಲು ಈಗಾಗಲೇ ಏನಾದರೂ ಪುರಾವೆ ಇದೆಯೇ? ಬಾಡಿಗೆ ಗಾಡಿ ಸಿಗುವುದು ಎಲ್ಲರಿಗೂ ಗೊತ್ತು. ಆ್ಯಪ್ ಕಟ್ಟಬಹುದೆಂಬುದೂ ಗೊತ್ತು, ಅದನ್ನು ಕಟ್ಟಿ ತೋರಿಸಿದರೆ ಹೊಸದೇನೂ ತಿಳಿಯುವುದಿಲ್ಲ. ವ್ಯಾಪಾರವನ್ನು ಕೊಲ್ಲಬಲ್ಲದ್ದು, ಪುರಾವೆಯೂ ಇಲ್ಲದ್ದು ಎಂದರೆ 36 ಚೀಲದ ಮಾತು.

ಅದನ್ನು ಅಂಕಿಯ ಸಮೇತ ಒಂದೇ ವಾಕ್ಯದಲ್ಲಿ ಬರೆಯಿರಿ: 'ಈ ಮೂರು ಊರುಗಳಿಂದ, ಪೇಟೆಯ ಹಿಂದಿನ ದಿನದೊಳಗೆ, ಚೀಲಕ್ಕೆ 50 ರೂಪಾಯಿ ಸಂಚಕಾರ (ಮುಂಗಡ) ಕೊಟ್ಟ 36 ಚೀಲ ಕೂಡುತ್ತವೆ. ನಾಲ್ಕು ಟ್ರಿಪ್‌ಗಳಲ್ಲಿ ಮೂರರಲ್ಲಿ ಹೀಗಾಗಬೇಕು.' ತಾರೀಕು ಹಾಕಿ, ಪಾಲುದಾರರೆಲ್ಲ ಸಹಿ ಮಾಡಿ ಗೋಡೆಗೆ ಅಂಟಿಸಿ. ಇದನ್ನು ಮೊದಲೇ ಬರೆದಿಡದಿದ್ದರೆ 22 ಚೀಲ ಬಂದ ದಿನ 'ಮೊದಲ ಸಲಕ್ಕೆ ಇದೂ ಛಲೋನೇ' ಎಂದು ಮನಸ್ಸು ಒಪ್ಪಿಸಿಬಿಡುತ್ತದೆ, ಮುಂದಿನ ವಾರವೂ ಹಾಗೇ ಒಪ್ಪಿಸುತ್ತದೆ. ಹೀಗೆ ತಿಂಗಳುಗಟ್ಟಲೆ ಎಳೆದ ಕೆಲಸಗಳಿಗೆ ಸೋಲು ಎಂದು ಹೇಳುವ ಗೆರೆಯೇ ಇರುವುದಿಲ್ಲ.

'ಛಲೋ ವಿಚಾರ ಐತಿ' ಎಂಬ ಉತ್ತರ

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಮುಖದ ಮೇಲೆ ಇಲ್ಲ ಎನ್ನುವ ರೂಢಿಯಿಲ್ಲ. ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, 'ಛಲೋ ವಿಚಾರ ಐತಿ ತಮ್ಮಾ, ಮಾಡ್ರಿ, ನಾವೂ ಬರ್ತೀವಿ' ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿ ಇದೆ, ಮಾಹಿತಿ ಇಲ್ಲ. ಸರ್ವೆ ಮಾಡಿ 'ನೂರಕ್ಕೆ ತೊಂಬತ್ತು ಮಂದಿ ಒಪ್ಪಿದರು' ಎಂದು ಸ್ಲೈಡಿನಲ್ಲಿ ತೋರಿಸುವ ತಂಡಗಳು ಎಡವುವುದು ಇಲ್ಲೇ.

ಮುಂದೆ ಏನು ಮಾಡುತ್ತೀರಿ ಎಂದು ಕೇಳಬಾರದು, ಹಿಂದೆ ಏನು ಮಾಡಿದ್ರಿ ಎಂದು ಕೇಳಬೇಕು. 'ಹೋದ ಸಲ ಮಾಲು ಹ್ಯಾಂಗ ಒಯ್ದ್ರಿ ಕಾಕಾ?' 'ಬಾಡಿಗಿ ಎಷ್ಟಾತ್ರಿ?' 'ಮಂದಿ ಕೂಡೂತನಕ ಎಷ್ಟ ದಿನ ಕಾದ್ರಿ?' 'ಯಾವ ದಲಾಲಿ ಅಂಗಡಿಗೆ ಹಾಕ್ತೀರಿ, ಅಲ್ಲಿಗೇ ಯಾಕ?' ನೆನಪಿನಿಂದ ಬರುವ ಉತ್ತರದಲ್ಲಿ ಅಂಕಿ ಇರುತ್ತದೆ. ಕೊನೆಯ ಪ್ರಶ್ನೆಯಂತೂ ಬಹಳ ಮುಖ್ಯ. ಬಿತ್ತನೆಗೆ, ಗೊಬ್ಬರಕ್ಕೆ ದಲಾಲರ ಹತ್ತಿರ ರೊಕ್ಕ ತಂದ ರೈತ ಮಾಲನ್ನು ಅದೇ ಅಂಗಡಿಗೆ ಹಾಕಬೇಕಾಗುತ್ತದೆ. ಹಾಗಿದ್ದಾಗ ಗಾಡಿಯ ನಿರ್ಧಾರ ಅವನೊಬ್ಬನದೇ ಆಗಿರುವುದಿಲ್ಲ. ಎರಡನೆಯದಾಗಿ, ಓಣಿಯ ನಾಲ್ಕು ಮಂದಿ ಕೂಡಿ ಗಾಡಿ ಮಾಡುವುದು ಹೊಸದೇನಲ್ಲ. ನಿಮ್ಮ ನಿಜವಾದ ಎದುರಾಳಿ ಆ ಹಳೆಯ ರೂಢಿ. ಅದು ಯಾವ ದಿನ ಕೈಕೊಡುತ್ತದೆ, ಯಾರಿಗೆ ಕೈಕೊಡುತ್ತದೆ ಎಂಬುದು ತಿಳಿದರೆ ಮೊದಲ ಗಿರಾಕಿ ಯಾರೆಂಬುದೂ ತಿಳಿಯುತ್ತದೆ.

ಹದಿನೈದು ಮಂದಿಯನ್ನು ಮಾತಾಡಿಸಿದರೆ ಒಂದೇ ಸಂಗತಿ ಮತ್ತೆ ಮತ್ತೆ ಕೇಳಿಬರತೊಡಗುತ್ತದೆ. ಅವರಲ್ಲಿ ಹತ್ತು ಮಂದಿಯಾದರೂ ನಿಮಗೆ ಬೀಗರೂ ಅಲ್ಲ, ಗೆಳೆಯರೂ ಅಲ್ಲ ಎಂಬಂತಿರಲಿ. ಸ್ವಂತ ಸೋದರಮಾವ ಕೊಟ್ಟ ಎಂಟು ಚೀಲ ವ್ಯಾಪಾರದ ಪುರಾವೆಯಾಗುವುದಿಲ್ಲ.

ಮಾತಿನ ಕೊನೆಗೆ ಒಂದೇ ಒಂದು ಬೇಡಿಕೆ ಇಡಿ: 'ಸೋಮವಾರದ ಗಾಡಿಗೆ ನಿಮ್ಮ ಎಂಟು ಚೀಲ ಬರಕೊಳ್ಳಲೇನ್ರಿ? ಚೀಲಕ್ಕ ಐವತ್ತು ರೂಪಾಯಿ ಸಂಚಕಾರ.' ಹೇಳಿ ಸುಮ್ಮನಾಗಿ. 400 ರೂಪಾಯಿ ಕೈಗೆ ಬಂದರೆ ಹೌದು. 'ಮಗನ್ನ ಕೇಳಿ ಹೇಳ್ತೀನಿ', 'ರೇಟ್ ನೋಡೂಣು' ಎಂದರೆ ಸದ್ಯಕ್ಕೆ ಇಲ್ಲ ಎಂದು ಬರೆದುಕೊಳ್ಳಿ. ಮೊದಲ ಟ್ರಿಪ್ ಪುಕ್ಕಟೆ ಎಂದು ಆಸೆ ತೋರಿಸಬೇಡಿ. ಪುಕ್ಕಟೆ ಗಾಡಿ ತುಂಬುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ನಿಮಗೆ ಬೇಕಾದದ್ದು 170 ರೂಪಾಯಿಗೆ ತುಂಬುತ್ತದೆಯೇ ಎಂಬುದು.

ಕೈಯಿಂದಲೇ ನಾಲ್ಕು ಟ್ರಿಪ್

ಎರಡು ವಾರ, ನಾಲ್ಕು ಪೇಟೆ. ಬೇಕಾಗುವ ಸಾಮಾನು: ಬೇರೆ ಸಿಮ್ ಹಾಕಿದ ಒಂದು ಫೋನ್, ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್, ಯುಪಿಐ ಕ್ಯೂಆರ್, ಎರಡು ಪ್ರತಿಯ ರಸೀದಿ ಪುಸ್ತಕ, ಅಳಿಸದ ಮಾರ್ಕರ್, ಗಾಡಿ ಪೂರ್ತಿ ಮುಚ್ಚುವ ತಾಡಪತ್ರಿ, ಲೆಕ್ಕಕ್ಕೆ ಒಂದು ಗೂಗಲ್ ಶೀಟ್. ರೈತನ ಕಣ್ಣಿಗೆ ಇದು ಪೂರ್ತಿ ಸೇವೆಯಂತೆಯೇ ಕಾಣಬೇಕು. ಒಳಗೆ ಎಲ್ಲವನ್ನೂ ನೀವೇ ಕೈಯಿಂದ ಮಾಡುತ್ತಿರುತ್ತೀರಿ.

ವಾಟ್ಸ್ಆ್ಯಪ್‌ನಲ್ಲಿ ಗ್ರೂಪ್ ಮಾಡುವ ಮೊದಲು ಯೋಚಿಸಿ. 'ರೇಟ್ ಬಿದ್ದೈತಂತ' ಎಂದು ಒಬ್ಬರು ಹಾಕಿದ ಒಂದು ಮಾತಿಗೆ ಗಾಡಿಯೇ ಖಾಲಿಯಾಗಬಹುದು. ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು, ಅದರಲ್ಲಿ ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಒಂದು ಲಿಸ್ಟಿಗೆ 256 ನಂಬರಿನ ಮಿತಿ ಇದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. 'ಕಳಿಸಿದ್ದೆವು, ಯಾರೂ ಉತ್ತರಿಸಲಿಲ್ಲ' ಎಂಬ ದೂರಿಗೆ ಅನೇಕ ಸಲ ಇದೇ ಕಾರಣ. ಊರಿಗೆ ಹೋದಾಗಲೇ ಅವರ ಫೋನಿನಲ್ಲಿ ನಂಬರ್ ಸೇವ್ ಮಾಡಿಸಿ. ಉದ್ದ ಬರಹಕ್ಕಿಂತ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶವನ್ನು ಜನ ಕೇಳುತ್ತಾರೆ.

ಸೋಮವಾರದ ಪೇಟೆಗೆ ಬುಕಿಂಗ್ ಶುಕ್ರವಾರ ಶುರು, ಶನಿವಾರ ರಾತ್ರಿ 8ಕ್ಕೆ ಎಣಿಕೆ. ಇಪ್ಪತ್ತಕ್ಕಿಂತ ಕಡಿಮೆ ಚೀಲವಿದ್ದರೆ ಟ್ರಿಪ್ ರದ್ದು, ಸಂಚಕಾರ ಅದೇ ರಾತ್ರಿ ವಾಪಸ್. ಈ ನಿಯಮವನ್ನು ರೊಕ್ಕ ತೆಗೆದುಕೊಳ್ಳುವಾಗಲೇ ಹೇಳಿ, ರಸೀದಿಯಲ್ಲೂ ಬರೆಯಿರಿ. 20ರಿಂದ 35ರೊಳಗೆ ಇದ್ದರೆ ನಷ್ಟವಾದರೂ ಗಾಡಿ ಹೋಗಲೇಬೇಕು, ಕೊಟ್ಟ ಮಾತು ತಪ್ಪಿದರೆ ಎರಡನೇ ಟ್ರಿಪ್‌ಗೆ ಯಾರೂ ಸಿಗುವುದಿಲ್ಲ. ಇದರಿಂದ ಪ್ರಯೋಗದ ಖರ್ಚೂ ಮೊದಲೇ ಗೊತ್ತಾಗುತ್ತದೆ. 20 ಚೀಲಕ್ಕೆ 3,400 ಬಂದು 2,600 ಕೈಯಿಂದ ಹೋಗುತ್ತದೆ. ನಾಲ್ಕೂ ಟ್ರಿಪ್ ಹಾಗೇ ಆದರೆ ಬಾಡಿಗೆಯಲ್ಲಿ 10,400 ರೂಪಾಯಿ. ಅಷ್ಟನ್ನು ಬೇರೆ ತೆಗೆದಿಟ್ಟು ಶುರು ಮಾಡಿ.

ಭಾನುವಾರ ಗಾಡಿ ತುಂಬುವ ಹೊತ್ತು ಎಲ್ಲಕ್ಕಿಂತ ಸೂಕ್ಷ್ಮ. ಎಲ್ಲ ಚೀಲವೂ ಒಂದೇ ತರಹದ ಗೋಣಿ, ಬಾಯಿಗೆ ಒಂದೇ ತರಹದ ಹೊಲಿಗೆ. ನಾಲ್ಕು ಮಂದಿಯ ಮಾಲು ಕೂಡಿದ ಮೇಲೆ ಬೇರ್ಪಡಿಸಲಾಗದು. ಆದ್ದರಿಂದ ಚೀಲ ಮನೆ ಬಿಡುವ ಮೊದಲೇ, ರೈತನ ಎದುರಿಗೇ, ಎರಡೂ ಮಗ್ಗುಲಿಗೆ ರಸೀದಿ ನಂಬರ್ ಮತ್ತು ಚೀಲದ ಎಣಿಕೆ ಬರೆಯಬೇಕು: 14-1, 14-2, ಹೀಗೆ 14-8ರ ತನಕ. ಬಾಯಿಗೆ ಬಣ್ಣದ ದಾರ ಕಟ್ಟಿದರೆ ಕತ್ತಲಲ್ಲೂ ಗುರುತು ಸಿಗುತ್ತದೆ. ಎಂಟೂ ಚೀಲ ಕಾಣುವಂತೆ ಒಂದು ಫೋಟೊ ತೆಗೆದು ಅಲ್ಲೇ ರೈತನಿಗೆ ಕಳಿಸಿ, ಬ್ಯಾಡಗಿಯಲ್ಲಿ ಇಳಿಸಿದ ಮೇಲೆ ಇನ್ನೊಂದು. ಇಳಿಸುವ ಅಂಗಡಿಗಳ ಕ್ರಮ ನೋಡಿಕೊಂಡು ಹಿಂದುಮುಂದಾಗಿ ಹೇರಬೇಕು, ಮೊದಲು ಇಳಿಯುವ ಚೀಲ ಕೊನೆಗೆ ಏರಬೇಕು. ಇದನ್ನು ಮರೆತರೆ ಪ್ರತಿ ಅಂಗಡಿಯ ಮುಂದೆ ಅರ್ಧ ಗಾಡಿ ಇಳಿಸಿ ಏರಿಸಬೇಕಾಗುತ್ತದೆ, ಹಮಾಲಿ ಎರಡು ಪಟ್ಟಾಗುತ್ತದೆ, ಚೀಲ ತುಳಿದು ಕಾಯಿ ಪುಡಿಯಾಗುತ್ತದೆ. ಮೊದಲ ನಾಲ್ಕು ಟ್ರಿಪ್‌ಗೆ ಗಾಡಿಗೆ ಮೂರೇ ದಲಾಲಿ ಅಂಗಡಿ ಎಂದು ಮಿತಿ ಹಾಕಿಕೊಳ್ಳುವುದು ಜಾಣತನ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಈ ಬೆಳೆಗೆ ರೇಟು ಸಿಗುವುದೇ ಬಣ್ಣಕ್ಕೆ, ಒಣಗಿದ ಹದಕ್ಕೆ. ರಾತ್ರಿಯ ಇಬ್ಬನಿ ಅಥವಾ ಅಕಾಲದ ಮಳೆ ತಾಗಿದರೆ ಪೆಟ್ಟು ಬೀಳುವುದು ರೈತನಿಗೆ. ತಾಡಪತ್ರಿ ವಿಷಯದಲ್ಲಿ 'ಮಿನಿಮಮ್' ಎಂಬ ಮಾತೇ ಇಲ್ಲ. ಕ್ವಿಂಟಲ್‌ಗೆ 20,000 ಹಿಡಿದರೂ 30 ಕೆಜಿಯ ಒಂದು ಚೀಲ 6,000 ರೂಪಾಯಿಯ ಮಾಲು. ಒಂದೇ ಚೀಲ ಕಳೆದರೆ ಇಡೀ ಟ್ರಿಪ್‌ನ ಬಾಡಿಗೆಯಷ್ಟು ಹೋದಂತೆ. ಕಳೆದರೆ ಯಾರು ಕೊಡಬೇಕೆಂಬುದು ರಸೀದಿಯಲ್ಲಿರಲಿ. ಗಾಡಿಯ ವಿಮೆ, ಪರ್ಮಿಟ್, ಡ್ರೈವರ್‌ನ ಲೈಸೆನ್ಸ್ ನೋಡದೆ ಬಾಡಿಗೆ ಮಾತಾಡಬೇಡಿ. ಸರಳವಾಗಿಡಬೇಕಾದದ್ದು ನಿಮ್ಮ ವ್ಯವಸ್ಥೆಯನ್ನು, ಪರರ ಒಂದು ವರ್ಷದ ದುಡಿಮೆಯ ಕಾಳಜಿಯನ್ನಲ್ಲ.

ರೈತ ತಾನೂ ಮಾಲಿನ ಜೊತೆ ಬರುತ್ತೇನೆ ಎನ್ನುವುದು ಸಹಜ. ಆದರೆ ಸರಕಿನ ಗಾಡಿಯ ಹಿಂಬದಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಅವರು ಬಸ್ಸಿನಲ್ಲಿ ಬರಬೇಕು, ಚೀಲ ಅವರಿಗಿಂತ ಮೊದಲು ಅಂಗಡಿ ಮುಟ್ಟಿರಬೇಕು. ಗುರುತಿಲ್ಲದವರ ಕೈಗೆ ಮಾಲು ಕೊಡುತ್ತಾರೆಯೇ ಎಂಬ ಇನ್ನೊಂದು ನಂಬಿಕೆಯ ಪರೀಕ್ಷೆಯೂ ಇದರಲ್ಲೇ ಆಗಿಹೋಗುತ್ತದೆ.

ಶೀಟಿನಲ್ಲಿ ಪ್ರತಿ ಬುಕಿಂಗ್‌ಗೆ ಒಂದು ಸಾಲು: ತಾರೀಕು, ಊರು, ಹೆಸರು, ಚೀಲ, ಸಂಚಕಾರ, ದಲಾಲಿ ಅಂಗಡಿ, ಮುಟ್ಟಿದ ಚೀಲ, ದೂರು, ಯಾರು ಹೇಳಿ ಬಂದರು. ಇದರ ಜೊತೆಗೆ ಎಲ್ಲರೂ ಬಿಡುವ ಒಂದು ಕಾಲಂ ಇದೆ: ಆ ಬುಕಿಂಗ್‌ಗೆ ನೀವು ಕಳೆದ ನಿಮಿಷಗಳು. ಫೋನ್, ಮತ್ತೆ ಫೋನ್, ರೊಕ್ಕ ಬಂತೇ ಎಂದು ನೋಡಿದ್ದು, ಎಲ್ಲವೂ ಅಲ್ಲಿ ಬರಲಿ. ನಿಮ್ಮ ದುಡಿಮೆಯನ್ನು ಸೊನ್ನೆ ಎಂದು ಹಿಡಿದರೆ 800 ರೂಪಾಯಿ ಲಾಭದಂತೆ ಕಾಣುತ್ತದೆ. ಅದಕ್ಕೆ ಇಬ್ಬರ ಎರಡು ದಿನ ಹೋಗಿದ್ದರೆ ಅದು ಲಾಭವಲ್ಲ.

ಬಂದ ಅಂಕಿ ಓದುವುದು

ಮೂರು ಟ್ರಿಪ್ 36 ದಾಟಿದವು ಎಂದಿಟ್ಟುಕೊಳ್ಳಿ. ಬುಕಿಂಗ್ ಎಲ್ಲಿಂದ ಬಂತು ನೋಡಿ. ನೀವೇ ಮನೆಮನೆಗೆ ಹೋದದ್ದಕ್ಕೆ ಬಂದವು ಎಷ್ಟು, ಒಬ್ಬರು ಹೇಳಿ ಇನ್ನೊಬ್ಬರು ಬಂದದ್ದು ಎಷ್ಟು? ಸಾಮಾನ್ಯವಾಗಿ ಎಂವಿಪಿಯಲ್ಲಿ ಅದೇ ಗಿರಾಕಿ ಮತ್ತೆ ಬಂದನೇ ಎಂಬುದನ್ನು ದೊಡ್ಡ ಗುರುತು ಎನ್ನುತ್ತಾರೆ. ಇಲ್ಲಿ ಆ ಅಳತೆ ಮೋಸ ಮಾಡುತ್ತದೆ. ಎಂಟು ಚೀಲದ ರೈತ ಒಂದೇ ಸಲಕ್ಕೆ ಎಲ್ಲ ಮಾರಿ ಮುಗಿಸಿರುತ್ತಾನೆ, ಮುಂದಿನ ಬೆಳೆಯ ತನಕ ಬರಲಾರ. ಅವನ ಮೆಚ್ಚುಗೆ ಕಾಣುವುದು ಅವನು ಕಳಿಸಿದ ನೆರೆಮನೆಯವನಲ್ಲಿ. ಹಂಗಾಮಿನ ಮೇಲೆ ನಡೆಯುವ ಯಾವ ಸೇವೆಗೂ ಬೆಂಗಳೂರಿನ ಊಟ ತರಿಸುವ ಆ್ಯಪ್‌ಗಳ ಅಳತೆಗೋಲನ್ನು ಹಾಗೇ ತಂದು ಹಚ್ಚಬಾರದು.

ನಾಲ್ಕರಲ್ಲಿ ಒಂದೇ ತುಂಬಿದ್ದರೆ ಗೋಡೆಯ ಮೇಲಿನ ಕಾಗದ ನೋಡಿ ಸೋಲು ಒಪ್ಪಿಕೊಳ್ಳಿ, ಆದರೆ ಎಲ್ಲಿ ತಪ್ಪಿತೆಂದು ಶೀಟಿನಲ್ಲಿ ಹುಡುಕಿ. ಸಂಚಕಾರ ಕೊಟ್ಟವರೇ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ ಅದು ರೇಟಿನ ಅಂಜಿಕೆ. ಸಂಚಕಾರವನ್ನೇ ಕೊಡಲಿಲ್ಲವೆಂದರೆ ನಂಬಿಕೆ ಸಾಲದು, ಅಥವಾ ಓಣಿಯ ಗಾಡಿಯೇ ಸಾಕಾಗಿದೆ. ಇನ್ನೊಂದು ಸಾಧ್ಯತೆಯೂ ಇದೆ. ಬಂದ ಚೀಲಗಳಲ್ಲಿ ಹೆಚ್ಚಿನವು ಒಂದೆರಡು ದಲಾಲಿ ಅಂಗಡಿಗೇ ಹೋಗುತ್ತಿದ್ದರೆ, ತಮ್ಮ ಅಂಗಡಿಗೆ ಮಾಲು ಬರಲೆಂದು ಬಾಡಿಗೆಯ ಪಾಲು ಕೊಡಲು ದಲಾಲರೇ ಒಪ್ಪಬಹುದು. ಆಗ ಗಿರಾಕಿ ಬದಲಾಗುತ್ತಾನೆ, ಹೊಸ ವಾಕ್ಯ ಬರೆದು ಹೊಸ ಪರೀಕ್ಷೆ ಮಾಡಬೇಕು. ಪಿವಟ್ ಎನ್ನುವುದು ಇದಕ್ಕೇ. ಊರು, ದರ, ಗಿರಾಕಿ ಮೂರನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೋಡ್ ಬರೆಯುವ ಹೊತ್ತು

ನಿಮಿಷಗಳ ಕಾಲಂ ಈಗ ಕೆಲಸಕ್ಕೆ ಬರುತ್ತದೆ. ಒಂದು ಟ್ರಿಪ್‌ಗೆ ಹೋದ 300 ನಿಮಿಷದಲ್ಲಿ 140 'ಬರ್ತೀರಿಲ್ರಿ?' ಎಂದು ಕೇಳುವ ಫೋನಿಗೇ ಹೋಗಿದ್ದರೆ ಮೊದಲು ಅದೊಂದನ್ನು ಯಂತ್ರಕ್ಕೆ ಒಪ್ಪಿಸಿ: ಬಟನ್ ಒತ್ತಿ ಹೌದು, ಇಲ್ಲ ಎನ್ನುವ ಸಂದೇಶ ಸಾಕು. ನಕ್ಷೆ, ರೇಟಿಂಗ್ ಆಮೇಲಿನ ಮಾತು. ಯಾರೂ ಕೇಳದ ಫೀಚರ್ ಕಟ್ಟಲಿಕ್ಕೆ ಹೋಗುವ ದಿನಗಳಿಗೂ ಬೆಲೆ ಇದೆ.

ಆ್ಯಪ್ ಬೇಕೇ ಬೇಕು ಎನ್ನುವ ಹಂತ ಬಂದರೆ ದಿನಗಳನ್ನು ಸರಿಯಾಗಿ ಎಣಿಸಿ. ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಖಾತೆಗೆ ಒಮ್ಮೆ 25 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಮಂದಿ ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆಯ್ದ ಮಂದಿಗಷ್ಟೇ ಆ್ಯಪ್ ಕೊಟ್ಟು ನೋಡುವ ಪರೀಕ್ಷೆಯಲ್ಲಿ) ಇದ್ದ ಮೇಲೆಯೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ಜನವರಿಯ ಸುಗ್ಗಿಗೆ ಆ್ಯಪ್ ಬೇಕೆಂದು ಡಿಸೆಂಬರ್ ಕೊನೆಗೆ ಅಪ್‌ಲೋಡ್ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಯಂತ್ರ ಮಾಡುವವರಿಗೂ ಇದೇ ಕ್ರಮ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಲೇತ್, ವೆಲ್ಡಿಂಗ್, ಶೀಟ್ ಮೆಟಲ್ ಕೆಲಸ ಕೈಗೆಟುಕುವಷ್ಟು ಹತ್ತಿರ ಇದೆ. ಮೊದಲು ಮೂರೇ ಮೂರು ಯಂತ್ರ, ತಗಡು ಬಗ್ಗಿಸಿ ಬೆಸುಗೆ ಹಾಕಿದವು, ಮಾಡಿಸಿ. ಪ್ಲಾಸ್ಟಿಕ್ ಅಚ್ಚು ಮಾಡಿಸಿದಿರೋ, ಲಕ್ಷಗಳು ಹೋಗುವುದಲ್ಲದೆ ಪ್ರತಿ ಸಣ್ಣ ಬದಲಾವಣೆಗೂ ಮತ್ತೆ ಖರ್ಚು. ಮೂರನ್ನೂ ಮೂವರು ರೈತರಿಗೆ ಬಾಡಿಗೆಗೆ ಕೊಟ್ಟು ಹಂಗಾಮಿನಲ್ಲಿ ದುಡಿಸಿ. ವರ್ಕ್‌ಶಾಪಿನ ಅಂಗಳದಲ್ಲಿ ಸರಾಗ ಓಡಿದ ಬಿತ್ತನೆ ಯಂತ್ರ ನವಲಗುಂದದ ಹಸಿ ಎರೆಮಣ್ಣಿನಲ್ಲಿ ಎರಡು ಸಾಲಿಗೇ ಕಟ್ಟಿಕೊಳ್ಳಬಹುದು. ಆ ಮಣ್ಣು ನೀರು ಕುಡಿದರೆ ಅಂಟಿನಂತಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಮುಂಗಾರು ಬಿತ್ತನೆ ತಪ್ಪಿದರೆ ಹಿಂಗಾರಿಗೆ ಕಾಯಬೇಕು. ಆದ್ದರಿಂದ ಪಂಚಾಂಗ ನೋಡಿ ಹಿಂದಕ್ಕೆ ಎಣಿಸುತ್ತ ಕೆಲಸ ಶುರು ಮಾಡಿ.

ದೇಶಪಾಂಡೆ ಸ್ಟಾರ್ಟ್‌ಅಪ್ಸ್‌ನಂಥ ಇನ್‌ಕ್ಯುಬೇಟರ್ (ಹೊಸ ಉದ್ಯಮಗಳಿಗೆ ಆಸರೆ ಕೊಡುವ ಸಂಸ್ಥೆ) ಬಾಗಿಲಿಗಾಗಲಿ, 50 ಲಕ್ಷದವರೆಗೆ ಅನುದಾನ ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗಾಗಲಿ ಹೋಗುವಾಗ ಆ್ಯಪ್‌ನ ಚಿತ್ರಗಳಿಗಿಂತ ನಾಲ್ಕು ಟ್ರಿಪ್‌ನ ಆ ಶೀಟೇ ಹೆಚ್ಚು ಮಾತಾಡುತ್ತದೆ, ತುಂಬದ ಟ್ರಿಪ್‌ಗಳ ಸಾಲುಗಳೂ ಅದರಲ್ಲಿದ್ದರೆ ಇನ್ನೂ ಒಳ್ಳೆಯದು.

ನಾಲ್ಕನೇ ಟ್ರಿಪ್ ಮುಗಿದ ಮರುದಿನ ಒಂದು ಕೆಲಸ ಬಾಕಿ ಇರುತ್ತದೆ. ಬರೆಸಿ ಬಾರದೆ ಹೋದವರ, ಮಾತಾಡಿ ಸಂಚಕಾರ ಕೊಡದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿ. 'ಯಾಕ ಬರಲಿಲ್ರಿ?' ಎಂದರೆ ತಪ್ಪು ಹೊರಿಸಿದಂತಾಗಿ ನೆಪ ಹೇಳುತ್ತಾರೆ. 'ಆವತ್ತ ಮಾಲು ಹ್ಯಾಂಗ ಕಳಿಸಿದ್ರಿ?' ಎಂದು ಕೇಳಿ. ಅವರು ಹೇಳುವ ಗಾಡಿ, ದಿನ, ಬಾಡಿಗೆ, ಅಂಗಡಿಯ ಹೆಸರನ್ನು ಅವರದೇ ಮಾತಿನಲ್ಲಿ ಶೀಟಿನ ಕೊನೆಯ ಕಾಲಂನಲ್ಲಿ ಬರೆದುಕೊಳ್ಳಿ. ಮುಂದಿನ ಪರೀಕ್ಷೆಯ ವಾಕ್ಯವನ್ನು ಅಲ್ಲಿಂದ ತೆಗೆಯಬೇಕು.